ಸೊನ್ನೆಗೆ ತಂದ ಮುಳ್ಳು

ಎಂಟು ಕಾಲಿನ ಆ ಎಲೆಕ್ಟ್ರಾನಿಕ್ ಚಿಪ್ಪಿಗೆ ಒಂದು ಮಸಾಲೆ ದೋಸೆಯ ಬೆಲೆ. ರೆಸಿಸ್ಟರುಗಳು ಕಡಲೆಬೀಜದ ಹಾಗೆ ಹಿಡಿಗಟ್ಟಲೆ ಸಿಗುತ್ತವೆ. ಸೋಲ್ಡರ್ ತಂತಿ, ಬ್ಯಾಟರಿ, ಸಣ್ಣದೊಂದು ಸ್ಪೀಕರು, ಮುಳ್ಳು ಓಡುವ ಹಳೆಯ ಮೀಟರು ಎಲ್ಲ ಸೇರಿದರೂ ಮನೆಗೆ ನೆಂಟರು ಬಂದ ದಿನದ ಕೋಳಿಸಾರಿನ ಖರ್ಚನ್ನು ದಾಟುವುದಿಲ್ಲ. ದುಬಾರಿ ಎಂದರೆ ತಿರುಗಿಸುವ ಸ್ವಿಚ್ಚು. ತಿರುಗಿಸಿದಾಗ ಒಂದೊಂದು ಮನೆಯಲ್ಲೂ, ಎಂದರೆ ನಿಲ್ಲುವ ಜಾಗದಲ್ಲೂ, ಟಕ್ಕೆಂದು ಗಟ್ಟಿಯಾಗಿ ನಿಲ್ಲುವ ಒಳ್ಳೆಯ ಸ್ವಿಚ್ಚಿಗೆ ಉಳಿದೆಲ್ಲ ಸಾಮಾನಿನಷ್ಟೇ ಬೆಲೆ. ಜಯರಂಗಪ್ಪನಿಗೆ ನಾಲ್ಕು ಮನೆಯದು ಬೇಕಿತ್ತು. ಅಂಗಡಿಯಲ್ಲಿ ಐದು ಮನೆಯದು ಮಾತ್ರ ಇತ್ತು. ತಂದು ಒಂದನ್ನು ಖಾಲಿ ಬಿಟ್ಟ. ಪೆಟ್ಟಿಗೆಗೆ ಮಾತ್ರ ಏನೂ ಕೊಡಲಿಲ್ಲ. ಹೆಂಡತಿ ಸಣ್ಣೀರಮ್ಮನ ಅಲ್ಯೂಮಿನಿಯಂ ಟಿಫಿನ್ ಡಬ್ಬಿಯನ್ನು ಕೇಳದೆ ತೆಗೆದುಕೊಂಡು ಹೋಗಿದ್ದ. ಅದರ ಬೆಲೆಯನ್ನು ಬೇರೆ ರೀತಿಯಲ್ಲಿ, ಬಹಳ ದಿನ ತೆತ್ತ.

ಈ ಡಬ್ಬಿ ಕಾಯಬೇಕಿದ್ದದ್ದು ಒಂದು ಬೆಟ್ಟವನ್ನು. ಬೆಟ್ಟದ ಹೊಟ್ಟೆಯಲ್ಲಿ ಕೊರೆಯುತ್ತಿದ್ದ ವಿದ್ಯುತ್ತಿನ ಮನೆಗೆ ಆಗುತ್ತಿದ್ದ ಖರ್ಚನ್ನು ನಮ್ಮಂಥವರು ಬಾಯಲ್ಲಿ ಹೇಳುವುದಕ್ಕೂ ಆಗುವುದಿಲ್ಲ.

ಅದು ಹಗಲಿನ ಕರೆಂಟು ಬಿಟ್ಟಿಯಾಗಿ, ಸಂಜೆಯ ಕರೆಂಟು ಚಿನ್ನವಾಗಿದ್ದ ಕಾಲ. ಬಯಲು ತುಂಬ ಹಾಸಿದ್ದ ಸೌರಫಲಕಗಳು ಬಿಸಿಲಿರುವ ತನಕ ಧಾರಾಳವಾಗಿ ಕೊಡುತ್ತಿದ್ದವು. ಹೊತ್ತು ಮುಳುಗಿದರೆ ಮನೆಗೊಂದು ದೀಪ, ಬೀದಿಗೊಂದು ದೀಪ. ಜನ ಅದಕ್ಕೂ ಒಗ್ಗಿಕೊಂಡಿದ್ದರು. ಹಿಟ್ಟು ರುಬ್ಬುವುದು, ಇಸ್ತ್ರಿ, ಸ್ನಾನದ ನೀರು, ಸಿನಿಮಾ, ಮದುವೆಯ ಆರತಕ್ಷತೆ ಎಲ್ಲವೂ ನಡು ಮಧ್ಯಾಹ್ನಕ್ಕೆ ಬಂದಿದ್ದವು. ಮಕ್ಕಳು ಕತ್ತಲಾಗುವುದರೊಳಗೆ ಓದಿ ಮುಗಿಸುತ್ತಿದ್ದರು, ಇಲ್ಲವೇ ಓದುತ್ತಲೇ ಇರಲಿಲ್ಲ.

ಇದಕ್ಕೊಂದು ಉಪಾಯವೆಂದು ಆರಿಸಿದ್ದು ಹಾಲುಗೆರೆ ಬೆಟ್ಟ. ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ. ನೆತ್ತಿಯ ಮೇಲೆ ದೊಡ್ಡ ತೊಟ್ಟಿ, ಬುಡದಲ್ಲಿ ಕೆರೆ. ಹಗಲಿನ ಬಿಟ್ಟಿ ಕರೆಂಟಿನಲ್ಲಿ ಕೆರೆಯ ನೀರನ್ನು ಮೇಲಕ್ಕೆ ಏರಿಸುವುದು, ಸಂಜೆ ಬೆಟ್ಟದ ಒಳಗಿನ ಹಜಾರಕ್ಕೆ ಬಿಟ್ಟು ಚಕ್ರ ತಿರುಗಿಸುವುದು. ಅಲ್ಲಿಗೆ ಸುತ್ತಲ ತಾಲ್ಲೂಕುಗಳ ಸಂಜೆಗಳೆಲ್ಲ ಬೆಳಗುತ್ತವೆ.

ಬೆಟ್ಟಕ್ಕೆ ಆ ಹೆಸರು ಬಂದದ್ದು ಅದರ ಮೈಮೇಲೆ ಓರೆಯಾಗಿ ಇಳಿದಿರುವ ಬಿಳಿಯ ಗೆರೆಯಿಂದ. ಯಾರೋ ಮೇಲಿನಿಂದ ಹಾಲು ಚೆಲ್ಲಿದ ಹಾಗೆ ಕಾಣುವ ಅದು ಬೆಣಚುಕಲ್ಲಿನ ಪದರ. ಬಂಡೆಯ ಒಳಗೆಲ್ಲ ಹಾದುಹೋಗಿದೆ. ಬೆಣಚುಕಲ್ಲಿಗೆ ಒಂದು ಗುಣವಿದೆ. ಒತ್ತಿದರೆ ಕರೆಂಟು ಹುಟ್ಟುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ಕೆಂದಾಗ ಕಿಡಿ ಹಾರುವುದು ಇಂಥದೇ ಗುಣದಿಂದ. ಬೇರೆ ಬೆಟ್ಟಗಳಲ್ಲಿ ಬೆಣಚಿನ ಹರಳುಗಳು ಸಂತೆಯ ಜನದ ಹಾಗೆ ದಿಕ್ಕಿಗೊಂದು ಮುಖ ಮಾಡಿರುವುದರಿಂದ ಒಂದರ ಕರೆಂಟನ್ನು ಇನ್ನೊಂದು ನುಂಗಿಬಿಡುತ್ತದೆ. ಹಾಲುಗೆರೆಯಲ್ಲಿ ಮಾತ್ರ ಅವೆಲ್ಲ ಒಂದೇ ಕಡೆಗೆ ಮುಖ ಮಾಡಿ ಕುಳಿತಿದ್ದವು. ಹುಟ್ಟಿದ ಕರೆಂಟು ಸೋರಿಹೋಗದೆ ಪದರದಲ್ಲೇ ಹೇಗೆ ನಿಲ್ಲುತ್ತಿತ್ತು ಎಂಬುದನ್ನು ತಿಳಿದವರು ಇವತ್ತಿಗೂ ವಾದಿಸುತ್ತಾರೆ. ನಿಲ್ಲುತ್ತಿತ್ತು ಎಂಬುದಂತೂ ನಿಜ. ಅದನ್ನು ಮೊದಲು ಕಂಡವಳು ಶಿಲೆಗಳ ವಿಜ್ಞಾನ ಓದಿ ಬಂದಿದ್ದ ನಸ್ರೀನ್. ಪದರಕ್ಕೆ ತಂತಿ ಚುಚ್ಚಿಟ್ಟರೆ ಬೆಟ್ಟಕ್ಕೆ ಎಲ್ಲಿ ನೋಯುತ್ತಿದೆ ಎಂದು ಮೊದಲೇ ಗೊತ್ತಾಗುತ್ತದೆ, ಒಳಗೆ ಕೆಲಸ ಮಾಡುವವರನ್ನು ಹೊತ್ತಿಗೆ ಸರಿಯಾಗಿ ಹೊರಗೆ ಕರೆಯಬಹುದು ಎಂಬುದು ಅವಳ ಲೆಕ್ಕ. ತಂತಿಯ ಕೊನೆಗೆ ಒಂದು ಕಿವಿ ಬೇಕಿತ್ತು. ಅದನ್ನು ಕಟ್ಟಲು, ಮೂವತ್ತು ವರ್ಷ ಮೈಕ್‌ಸೆಟ್ಟು, ಆಂಪ್ಲಿಫಯರು ಕಟ್ಟಿಕೊಂಡು ಬಂದಿದ್ದ ಜಯರಂಗಪ್ಪನನ್ನು ಕರೆಸಿದಳು.

"ಎಷ್ಟು ಪಟ್ಟು ದೊಡ್ಡದು ಮಾಡ್ಬೇಕು ಮೇಡಂ?" ಎಂದು ಅವನು ಕೇಳಿದ.

"ಅದೇ ಗೊತ್ತಿಲ್ಲ ರಂಗಪ್ಪನವರೇ. ಬೆಟ್ಟ ಪಿಸುಗುಟ್ಟುತ್ತೋ ಕೂಗುತ್ತೋ, ಯಾರೂ ಕೇಳಿಲ್ಲ."

"ಹಂಗಾದ್ರೆ ಸ್ವಿಚ್ ಇಡಾನ. ಬೇಕಾದಂಗೆ ಬದಲಾಯ್ಸಿದ್ರಾಯ್ತು."

ಆ ಎಂಟು ಕಾಲಿನ ಚಿಪ್ಪಿನ ಸ್ವಭಾವ ವಿಚಿತ್ರ. ಅದರ ಪಾಡಿಗೆ ಬಿಟ್ಟರೆ ಇರುವೆ ನಡೆದರೂ ಆನೆ ಬಂತೆಂದು ಅರಚುತ್ತದೆ. ಅದನ್ನು ಹದಕ್ಕೆ ತರುವ ಉಪಾಯ ಒಂದೇ: ಅದರ ಕೂಗಿನಲ್ಲಿ ಒಂದು ಪಾಲನ್ನು ತಿರುಗಿಸಿ ಅದರ ಕಿವಿಗೇ ಹಾಕುವುದು. ತನ್ನ ದನಿ ತನಗೇ ಕೇಳಿದರೆ ಯಾರಾದರೂ ಸ್ವಲ್ಪ ತಗ್ಗುತ್ತಾರೆ. ಒಳಗೆ ಬರುವ ದಾರಿಯಲ್ಲಿ ಒಂದು ರೆಸಿಸ್ಟರು, ತಿರುಗಿ ಬರುವ ದಾರಿಯಲ್ಲಿ ಇನ್ನೊಂದು. ತಿರುಗುವ ದಾರಿಯದು ಹತ್ತರಷ್ಟು ದೊಡ್ಡದಿದ್ದರೆ ಚಿಪ್ಪು ಹತ್ತು ಪಟ್ಟು ಹೇಳುತ್ತದೆ, ನೂರರಷ್ಟಿದ್ದರೆ ನೂರು ಪಟ್ಟು. ಸ್ವಿಚ್ಚು ಮಾಡುವ ಕೆಲಸವೆಂದರೆ ತಿರುಗುವ ದಾರಿಯ ರೆಸಿಸ್ಟರನ್ನು ಬದಲಾಯಿಸುವುದು, ಅಷ್ಟೇ. ಒಂದು, ಹತ್ತು, ನೂರು, ಸಾವಿರ.

ಇನ್ನೊಂದು ಕಷ್ಟವಿತ್ತು. ಏನೂ ಕೇಳಿಸದಿದ್ದರೂ ಈ ಚಿಪ್ಪುಗಳು ಸ್ವಲ್ಪ ಏನನ್ನೋ ಹೇಳುತ್ತಿರುತ್ತವೆ. ಅದು ಹುಟ್ಟುಗುಣ. ಬಿಸಿಯಾದರೆ ಅದೂ ಅಲೆಯುತ್ತದೆ. ಅದನ್ನು ಕಳೆಯಲು ಜಯರಂಗಪ್ಪ ಡಬ್ಬಿಯ ಮುಂದೆ ಒಂದು ನಾಬು ಇಟ್ಟ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹತ್ತು ಸುತ್ತು ತಿರುಗುವ, ಬಹಳ ನಾಜೂಕಿನ ನಾಬು. ಮುಳ್ಳು ಅತ್ತಿತ್ತ ಸರಿದಿದ್ದರೆ ಅದನ್ನು ಕೊಂಚ ತಿರುಗಿಸಿ ಸೊನ್ನೆಗೆ ತರಬಹುದು.

ಸುರಂಗದ ಬಾಯಿಯ ಮೇಲುಗಡೆ ತಗಡಿನ ಶೆಡ್ಡಿನಲ್ಲಿ ಡಬ್ಬಿ ಕುಳಿತಿತು. ಕೆಲಸದವರು ಅದಕ್ಕೆ ಕಿವಿರೂಮು ಎಂದು ಹೆಸರಿಟ್ಟರು.

ಜಯರಂಗಪ್ಪ ಈ ಕೆಲಸ ಒಪ್ಪಿದ್ದು ಸಂಬಳಕ್ಕಲ್ಲ. ಒಳಹಜಾರದ ಗೋಡೆಗೆ ಕಾಂಕ್ರೀಟು ಎರಚುವ ಗ್ಯಾಂಗಿಗೆ ಸಣ್ಣೀರಮ್ಮ ಮೇಸ್ತ್ರಿ. ಬೆಳಿಗ್ಗೆ ಗ್ಯಾಂಗನ್ನು ಕರೆದುಕೊಂಡು ಬೆಟ್ಟದ ಹೊಟ್ಟೆಗೆ ಇಳಿದರೆ ಅವಳು ಹೊರಗೆ ಬರುವುದು ಸಂಜೆಗೆ. ಅಷ್ಟು ಹೊತ್ತೂ ಅವಳ ತಲೆಯ ಮೇಲೆ ಇರುವುದು ಆ ಬಂಡೆ.

ಹಾಗಾಗಿ ಮೊದಲ ವಾರ ಅವನು ಸ್ವಿಚ್ಚನ್ನು ಸಾವಿರದಲ್ಲೇ ಇಟ್ಟ. ಎಷ್ಟು ಹೆಚ್ಚು ಕೇಳಿಸಿದರೆ ಅಷ್ಟು ಒಳ್ಳೆಯದು ಎಂಬುದು ಮೈಕ್‌ಸೆಟ್ಟಿನವರ ನಂಬಿಕೆ. ಒಂದು ಮಧ್ಯಾಹ್ನ ಮುಳ್ಳು ಗಡಗಡ ನಡುಗಿತು, ಸ್ಪೀಕರು ಗೊರಗೊರ ಎಂದಿತು. ಅವನು ಓಡಿಹೋಗಿ ಸೈರನ್ ಒತ್ತಿದ. ಒಳಗಿದ್ದವರೆಲ್ಲ ಕಲಸಿದ ಕಾಂಕ್ರೀಟನ್ನು ಅಲ್ಲಿಯೇ ಬಿಟ್ಟು ಹೊರಗೆ ಓಡಿ ಬಂದರು. ಅದು ಗಟ್ಟಿಕಟ್ಟಿ ಹಾಳಾಯಿತು. ಆಮೇಲೆ ನೋಡಿದರೆ ಶೆಡ್ಡಿನ ಹಿಂದೆ ಇದ್ದ ಕ್ಯಾಂಟೀನಿನಲ್ಲಿ ಚಟ್ನಿ ರುಬ್ಬುತ್ತಿದ್ದರು. ಗ್ರೈಂಡರನ್ನು ನೆಟ್ಟಿದ್ದ ನೆಲವೂ ಅದೇ ಬಂಡೆಯ ಮುಂದುವರಿಕೆ.

ಅವತ್ತಿನಿಂದ ಅವನಿಗೆ ಚಟ್ನಿ ರಂಗಣ್ಣ ಎಂದು ಹೆಸರಾಯಿತು. ಮ್ಯಾನೇಜರ್ ಪರಮಶಿವಯ್ಯ ಕೆಟ್ಟ ಮನುಷ್ಯನಲ್ಲ, ಆದರೆ ಮೇಲಿನವರಿಗೆ ಉತ್ತರ ಹೇಳಬೇಕಾದವನು. "ಇನ್ನೊಂದು ಸಲ ಹೀಗಾದರೆ ಡಬ್ಬಿ ಎತ್ತಿಸಿಬಿಡ್ತಾರೆ" ಎಂದ. ನಸ್ರೀನ್ ಯೋಚಿಸಿ ಒಂದು ಕ್ರಮ ಹಾಕಿದಳು: ಸ್ವಿಚ್ಚು ಹತ್ತರಲ್ಲಿರಲಿ, ತಗಡಿನ ಶೆಡ್ಡು ಬಿಸಿಯಾದಾಗ ಮುಳ್ಳು ಅಲೆಯುವುದು ಸಹಜ, ಆದ್ದರಿಂದ ಪ್ರತಿ ಪಾಳಿ ಇಳಿಯುವ ಮುಂಚೆ ನಾಬು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ಏನಾದರೂ ದಿಢೀರನೆ ಕದಲಿದರೆ ಮಾತ್ರ ಸೈರನ್.

ಜಯರಂಗಪ್ಪ ಅದನ್ನು ಪೂಜೆಯ ಹಾಗೆ ನಡೆಸಿದ. ಬೆಳಿಗ್ಗೆ ಡಬ್ಬಿಗೆ ಊದುಬತ್ತಿ ತೋರಿಸಿ ಸೊನ್ನೆ. ಊಟದ ಹೊತ್ತಿಗೆ ಸೊನ್ನೆ. ಪಾಳಿ ಬದಲಾಗುವಾಗ ಸೊನ್ನೆ. ಮುಳ್ಳು ಸೊನ್ನೆಯಲ್ಲಿ ನಿಂತದ್ದನ್ನು ನೋಡಿದ ಮೇಲೇ ಸಣ್ಣೀರಮ್ಮನಿಗೆ ಕೈಬೀಸುತ್ತಿದ್ದ. ಮಳೆಗಾಲ ಹೋಯಿತು, ಚಳಿಗಾಲ ಬಂತು. ನೆತ್ತಿಯ ತೊಟ್ಟಿಗೆ ಆಗಾಗ ಅರ್ಧಕ್ಕೆ, ಮುಕ್ಕಾಲಿಗೆ ನೀರು ತುಂಬಿಸಿ ಇಳಿಸಿ ಪರೀಕ್ಷೆ ಮಾಡಿದರು. ಮುಳ್ಳು ಸೊನ್ನೆಯಲ್ಲೇ ಇತ್ತು.

ಒಂದು ಬೆಳಿಗ್ಗೆ ನಾಬು ತಿರುಗಲಿಲ್ಲ.

ಮುಳ್ಳು ಒಂದು ಕೂದಲಷ್ಟು ಬಲಕ್ಕಿತ್ತು. ನಾಬು ಎಡಗಡೆಯ ಕೊನೆಗೆ ಹೋಗಿ ಕಚ್ಚಿಕೊಂಡಿತ್ತು. ಚಿಪ್ಪು ಕೆಟ್ಟಿತೆಂದು ಬದಲಾಯಿಸಿದ. ಹಾಗೆಯೇ ಇತ್ತು. ಬ್ಯಾಟರಿ ಬದಲಾಯಿಸಿದ. ಹಾಗೆಯೇ ಇತ್ತು. ಕೂದಲಷ್ಟು ತಾನೇ ಎಂದು ಅವತ್ತು ಕೈಬೀಸಿದ. ಆದರೆ ಊಟವನ್ನು ಮೀಟರಿನ ಮುಂದೆಯೇ ಕುಳಿತು ಮಾಡಿದ.

ಸಂಜೆ ಬೆಳಕಿರುವಾಗಲೇ ಸಣ್ಣೀರಮ್ಮ ಮನೆಗೆ ಬಂದವಳು ಸೊಂಟದ ಸೇಫ್ಟಿ ಬೆಲ್ಟನ್ನು ಅವನ ಮುಂದೆ ಹಾಕಿದಳು.

"ಏನಯ್ಯ, ಇದಕ್ಕೆ ಇನ್ನೊಂದು ತೂತು ಹೊಡ್ಕೊಡು."

"ಯಾಕೆ, ಇದ್ದ ತೂತೆಲ್ಲ ಏನಾದ್ವು?"

"ಮುಗುದ್ವು."

"ಮುಗಿಯಾಕೆ ಅವೇನು ಬೋಂಡಾನಾ? ಬೋಂಡಾ ತಿಂದೇ ಮುಗಿಸಿರಬೇಕು ನೀನು. ದಪ್ಪ ಆಗಿದ್ದೀಯ."

"ಯಾವನಂದ ದಪ್ಪ? ಬೆಲ್ಟು ದಿನಾ ಸರಿಯಾಗೇ ಇತ್ತು. ಬಿಗಿ ಅನ್ನಿಸ್ದಾಗ ಒಂದು ತೂತು ಆಚೆಗೆ ಹಾಕ್ಕಂತಿದ್ದೆ, ಸರಿಹೋಗದು. ಒಂದಿನಾನೂ ಬಿಗಿ ಆಗಿಲ್ಲ ಅಂದ್ಮೇಲೆ ದಪ್ಪ ಎಲ್ಲಿಂದ ಬಂತು?"

ತನ್ನ ಮಾತಿಗೆ ತಾನೇ ನಕ್ಕಳು. ಜಯರಂಗಪ್ಪ ದಬ್ಬಳ ತೆಗೆದುಕೊಂಡು ಬೆಲ್ಟನ್ನು ಮಣೆಯ ಮೇಲೆ ಇಟ್ಟ. ತೂತುಗಳು ಸಾಲಾಗಿದ್ದವು. ಒಂದೊಂದೂ ಒಂದೊಂದು ಕಾಲದಲ್ಲಿ ಸವೆದು ಹಿಗ್ಗಿತ್ತು. ಕೊನೆಯದರ ಪಕ್ಕ ತೊಗಲು ಮುಗಿಯುತ್ತಿತ್ತು. ದಬ್ಬಳ ಕೈಯಲ್ಲೇ ಉಳಿಯಿತು.

"ಏನು, ಕೈ ನಿಂತೇಬಿಡ್ತು?"

"ಸಣ್ಣೀ, ನಿನ್ನ ದಪ್ಪ ಎಲ್ಲೈತೆ ಗೊತ್ತಾ?"

"ಥೂ, ಮತ್ತೆ ಅದೇ."

"ಬೆಲ್ಟಿನ ಬಿಗೀಲಿಲ್ಲ. ತೂತಲ್ಲೈತೆ." ಎದ್ದು ಚಪ್ಪಲಿ ಮೆಟ್ಟಿಕೊಂಡ. "ನಾನೂ ದಿನಾ ತೂತು ಬದಲಾಯ್ಸಿ ಬದಲಾಯ್ಸಿ ಎಲ್ಲ ಸರಿಯಾಗೈತೆ ಅಂತ ಕೈಬೀಸ್ತಿದ್ದೆ."

ನಸ್ರೀನ್ ಇನ್ನೂ ಕಿವಿರೂಮಿನಲ್ಲಿದ್ದಳು. ಅವನು ಹೇಳಿದ್ದನ್ನು ಕೇಳಿ ನಾಬನ್ನೇ ನೋಡುತ್ತ ಕುಳಿತಳು. ದಿನಕ್ಕೆ ಮೂರು ಸಲ ಅಳಿಸಿದ್ದೆಲ್ಲ ಎಲ್ಲಿಗೂ ಹೋಗಿರಲಿಲ್ಲ. ಒಂದು ಕೂದಲು, ಮತ್ತೊಂದು ಕೂದಲು ಎಂದು ಆ ನಾಬಿನ ಸುತ್ತುಗಳಲ್ಲಿ ಕೂಡಿ ಕುಳಿತಿತ್ತು.

"ನಡುವಿಗೆ ತನ್ನಿ" ಎಂದಳು.

ಅವನು ನಾಬನ್ನು ನಡುವಿಗೆ ತಂದ. ಮುಳ್ಳು ಎಗರಿ ಬಲಗಡೆಯ ಗೋಡೆಗೆ ಬಡಿಯಿತು. ಸ್ವಿಚ್ಚನ್ನು ಹತ್ತರಿಂದ ಒಂದಕ್ಕೆ ಇಳಿಸಿದ. ಆಗಲೂ ಅಲ್ಲಿಯೇ ಇತ್ತು. ಬ್ಯಾಟರಿ ಕೊಟ್ಟಷ್ಟೇ ಈ ಚಿಪ್ಪುಗಳು ಕೂಗಬಲ್ಲವು. ಅದರಾಚೆ ಎಷ್ಟೇ ಕೇಳಿಸಿದರೂ ಬಾಯಿ ತೆರೆದುಕೊಂಡು ಅಲ್ಲಿಯೇ ನಿಂತುಬಿಡುತ್ತವೆ. ಏನೂ ದೊಡ್ಡದು ಮಾಡದೆ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದರೂ ಡಬ್ಬಿಗೆ ಹೇಳಲಾಗುತ್ತಿರಲಿಲ್ಲ.

"ಪಿಸುಮಾತು ಕೇಳಬೇಕು ಅಂತ ಕಿವಿ ದೊಡ್ಡದು ಮಾಡುತ್ತ ಹೋದ್ವಿ" ಎಂದಳು ನಸ್ರೀನ್. "ಚಿಕ್ಕ ಕಿವಿ ಬೇಕಾಗಬಹುದು ಅಂತ ನನಗೂ ಹೊಳೆಯಲಿಲ್ಲ. ಮಾಡಬಹುದಾ?"

"ಐದನೇ ಮನೆ ಖಾಲಿ ಐತಲ್ಲ."

ತಿರುಗುವ ದಾರಿಯ ರೆಸಿಸ್ಟರು ಒಳದಾರಿಯದಕ್ಕಿಂತ ಹತ್ತರಷ್ಟು ಚಿಕ್ಕದಿದ್ದರೆ ಚಿಪ್ಪು ಹತ್ತರಲ್ಲಿ ಒಂದು ಪಾಲು ಮಾತ್ರ ಹೇಳುತ್ತದೆ. ಮೂವತ್ತು ವರ್ಷದಲ್ಲಿ ಯಾರೂ ಅವನ ಹತ್ತಿರ ದನಿಯನ್ನು ಕುಗ್ಗಿಸುವ ಆಂಪ್ಲಿಫಯರು ಕೇಳಿರಲಿಲ್ಲ. ಹಿಡಿಯಲ್ಲಿದ್ದ ರೆಸಿಸ್ಟರುಗಳಲ್ಲಿ ಒಂದನ್ನು ಆರಿಸಿ ಬೆಸೆದ. ಸ್ವಿಚ್ಚು ಐದನೆಯ ಮನೆಗೆ ಟಕ್ಕೆಂದು ಕುಳಿತಿತು. ಮುಳ್ಳು ಗೋಡೆಯಿಂದ ನಿಧಾನವಾಗಿ ಇಳಿದು, ಸೊನ್ನೆಯಿಂದ ಒಂದಿಷ್ಟು ದೂರದಲ್ಲಿ ನಿಂತಿತು. ನಾಬಿನ ಮೇಲೆ ನಸ್ರೀನ್ ಟೇಪು ಸುತ್ತಿದಳು. ಇನ್ನು ಅದನ್ನು ಯಾರೂ ಮುಟ್ಟಬಾರದು. ತಂತಿಯ ಇನ್ನೊಂದು ಕವಲನ್ನು ಕಂಪ್ಯೂಟರಿಗೆ ಕೊಟ್ಟು, ಬೆಟ್ಟ ಹೇಳುವುದನ್ನು ಹೇಳಿದ ಹಾಗೆ ಗೆರೆ ಎಳೆಯಲು ಬಿಟ್ಟರು.

ಕೆಲವು ದಿನ ಕಳೆದ ಮೇಲೆ, ಪಾಳಿ ಮುಗಿಸಿ ಬಂದ ಸಣ್ಣೀರಮ್ಮ ಗಂಡನನ್ನು ಕರೆಯಲು ಕಿವಿರೂಮಿಗೆ ಬಂದಾಗ ಅವನೂ ನಸ್ರೀನೂ ಪರದೆಯ ಮುಂದೆ ಕುಳಿತಿದ್ದರು. ಪರದೆಯ ಮೇಲೆ ಒಂದು ಅಲೆ ಇತ್ತು. ಏರುತ್ತಿತ್ತು, ಇಳಿಯುತ್ತಿತ್ತು. ದಿನಕ್ಕೆ ಎರಡು ಸಲ. ಮಲಗಿದ ಮಗುವಿನ ಹೊಟ್ಟೆಯ ಹಾಗೆ, ಆತುರವಿಲ್ಲದೆ.

"ನಾವು ಇದನ್ನೇ ಶೆಡ್ಡಿನ ಬಿಸಿ ಅಂದುಕೊಂಡು ಅಳಿಸುತ್ತಿದ್ದದ್ದು" ಎಂದಳು ನಸ್ರೀನ್. "ಬಿಸಿಯಾದರೆ ದಿನಾ ಒಂದೇ ಹೊತ್ತಿಗೆ ಬರಬೇಕು. ಇದು ದಿನಾ ಮುಕ್ಕಾಲು ಗಂಟೆ, ಇನ್ನೂ ಸ್ವಲ್ಪ ಹೆಚ್ಚು, ತಡವಾಗಿ ಬರುತ್ತಿದೆ ನೋಡಿ ಸಣ್ಣೀರಕ್ಕ."

"ದಿನಾ ಅಷ್ಟು ತಡ ಮಾಡೋನು ಒಬ್ನೇಯಾ ನಸ್ರೀನಮ್ಮ" ಎಂದಳು ಸಣ್ಣೀರಮ್ಮ. "ಚಂದ್ರ."

ಜಯರಂಗಪ್ಪ ಎದ್ದು ಬಾಗಿಲಿಗೆ ಹೋದ. ಇಳಿಬಿಸಿಲಿನಲ್ಲಿ ಮೂಡಲ ಆಕಾಶದ ಮೇಲೆ, ಹಿಟ್ಟಿನಲ್ಲಿ ಒತ್ತಿದ ಬೆರಳಿನ ಗುರುತಿನ ಹಾಗೆ, ಮಾಸಲು ಚಂದ್ರ ಕಾಣುತ್ತಿದ್ದ. ಕೆಳಗೆ ಬೆಟ್ಟ ನಿಂತಿತ್ತು. ಅವನು ಹುಟ್ಟಿದಂದಿನಿಂದ ಅಲ್ಲಿಯೇ ನಿಂತಿದ್ದ ಬೆಟ್ಟ.

ನಸ್ರೀನ್ ವಿವರಿಸಿದಳು. ಸಮುದ್ರವನ್ನು ಚಂದ್ರ ಎಳೆಯುವುದು ಎಲ್ಲರಿಗೂ ಗೊತ್ತು. ನೆಲವನ್ನೂ ಎಳೆಯುತ್ತಾನೆ. ನಾವು ನಿಂತ ಈ ಗಟ್ಟಿ ನೆಲ ಒಂದು ಗೇಣಿನಷ್ಟು ಏರಿ ಇಳಿಯುತ್ತದೆ. ಮನೆ, ಮರ, ಬಾವಿ, ನಾವು ಎಲ್ಲ ಜೊತೆಗೇ ಏರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಇದನ್ನು ಅಳೆಯುವ ಯಂತ್ರಗಳಿವೆ. ಆದರೆ ಒಂದು ಬೆಟ್ಟ ತಾನಾಗಿಯೇ ಇದನ್ನು ಹೇಳುವುದನ್ನು ಅವಳೂ ಕೇಳಿರಲಿಲ್ಲ.

ಸಣ್ಣೀರಮ್ಮ ಪರದೆಯ ಹತ್ತಿರ ಬಾಗಿದಳು. ಅಲೆ ಕಾಣದಷ್ಟು ಮೆಲ್ಲಗೆ ಏರುತ್ತಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅಂದ್ರೆ ಇಷ್ಟು ದಿನ ನಾವು ಉಸಿರಾಡ್ತಿರೋದರ ಹೊಟ್ಟೇಲಿ ಕೆಲ್ಸ ಮಾಡ್ತಿದ್ವಾ" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೀನು ಅದರ ಉಸಿರನ್ನ ದಿನಾ ಮೂರು ಸಲ ಒರೆಸಿ ಹಾಕ್ತಿದ್ದೆ."

"ನನ್ನ ಡಬ್ಬೀನೇ ಕೇಳಿದ್ದು" ಎಂದ ಅವನು.

"ನಿನ್ನ ಡಬ್ಬಿಯಲ್ಲ, ನಂದು. ಟಿಫಿನ್ ಡಬ್ಬಿ."

ನಸ್ರೀನ್ ನಗಲಿಲ್ಲ. ಅವಳು ಅಲೆಯನ್ನು ನೋಡುವುದನ್ನು ಬಿಟ್ಟು ಪರದೆಯಲ್ಲಿ ಅಲೆಯ ಬುಡವನ್ನು ನೋಡುತ್ತಿದ್ದಳು. ಪ್ರತಿ ಅಲೆಯೂ ಇಳಿದಾಗ ಹಿಂದಿನದು ಇಳಿದ ಜಾಗಕ್ಕೆ ಬರುತ್ತಿರಲಿಲ್ಲ. ಕೊಂಚ ಮೇಲೆಯೇ ನಿಲ್ಲುತ್ತಿತ್ತು. ಮುಂದಿನ ವಾರ ತೊಟ್ಟಿಗೆ ಮತ್ತೆ ಮುಕ್ಕಾಲು ನೀರು ಏರಿಸಿದರು. ಗೆರೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಯಿತು. ನೀರು ಇಳಿಸಿದರು. ಗೆರೆ ಇಳಿಯಲಿಲ್ಲ.

"ಬಾಗಿದ್ದು ತಿರುಗಿ ನೆಟ್ಟಗಾಗುತ್ತಿಲ್ಲ" ಎಂದು ಅವಳು ಪರಮಶಿವಯ್ಯನಿಗೆ ಹೇಳಿದಳು. ತೊಟ್ಟಿಯನ್ನು ಮೊದಲ ಸಲ ಅಂಚಿನವರೆಗೆ ತುಂಬಿಸುವ ದಿನ ಹತ್ತಿರವಿತ್ತು. "ಅವತ್ತು ಅಮಾವಾಸ್ಯೆ. ಸೂರ್ಯ ಚಂದ್ರ ಇಬ್ಬರೂ ಒಂದೇ ಕಡೆಯಿಂದ ಎಳೆಯುತ್ತಾರೆ. ಮಧ್ಯಾಹ್ನ ಈ ಅಲೆ ತೀರ ಎತ್ತರಕ್ಕೆ ಬರುತ್ತೆ. ಅದರ ಮೇಲೆ ತುಂಬಿದ ತೊಟ್ಟಿ."

"ಎಷ್ಟಕ್ಕೆ ಬಿರಿಯುತ್ತೆ, ಒಂದು ಅಂಕಿ ಹೇಳಿ."

"ಗೊತ್ತಿಲ್ಲ ಸರ್. ಇಂಥ ಬೆಟ್ಟವನ್ನು ಇದುವರೆಗೆ ಯಾರೂ ಕೇಳಿಸಿಕೊಂಡಿಲ್ಲ."

ಪರಮಶಿವಯ್ಯ ಕನ್ನಡಕ ತೆಗೆದು ಒರೆಸಿದ. "ಗೊತ್ತಿಲ್ಲ ಅನ್ನೋದನ್ನ ಮೇಲಕ್ಕೆ ಹೇಗೆ ಕಳಿಸಲಮ್ಮ? ಕಳಿಸ್ತೀನಿ. ಉತ್ತರ ಬರೋದು ಒಂದು ವಾರ. ಅಲ್ಲಿಯವರೆಗೆ ನೀರು ನಿಲ್ಲಿಸೋ ಅಧಿಕಾರ ನನಗಿಲ್ಲ, ಕೆಲಸ ನಿಲ್ಲಿಸೋ ಅಧಿಕಾರವೂ ಇಲ್ಲ. ಸೈರನ್ ಇದೆ, ನೀವಿದ್ದೀರಿ." ಜಯರಂಗಪ್ಪನ ಕಡೆ ನೋಡಿದ. "ಚಟ್ನಿ ಅಲ್ಲ ಅನ್ನೋದು ಖಾತ್ರಿ ಮಾಡ್ಕೊಂಡು ಒತ್ತಿ."

ಮನೆಯಲ್ಲಿ ಸಣ್ಣೀರಮ್ಮ ಪೂರ್ತಿ ಕೇಳಿಸಿಕೊಂಡಳು.

"ನಾನು ಇಳಿಯಲ್ಲ. ಗೆರೇನ ಕಣ್ಣಾರೆ ಕಂಡಿದ್ದೀನಿ" ಎಂದಳು. "ಆದ್ರೆ ನನ್ನ ಗ್ಯಾಂಗು? ಚಟ್ನಿ ಡಬ್ಬಿ ಮಾತು ಕೇಳಿ ಒಂದು ದಿನದ ಕೂಲಿ ಬಿಡ್ತಾರಾ? ಚಂದ್ರ ಎಳೀತಾನೆ ಅಂದ್ರೆ ನನ್ನ ತಲೆಗೆ ನಿಂಬೆಹಣ್ಣು ತಿಕ್ತಾರೆ."

"ಮತ್ತೆ?"

ಅವಳು ತೊಳೆದ ಪಾತ್ರೆಯನ್ನು ಬೋರಲು ಹಾಕಿದಳು. "ಅಮಾಸೆ ಅಲ್ವಾ? ಅಮಾಸೆ ಅಂದ್ರೆ ಸಾಕು."

ಆ ಸೀಮೆಯ ಕಲ್ಲು ಕೆಲಸದವರು ಅಮಾವಾಸ್ಯೆಯ ದಿನ ಕಲ್ಲಿಗೆ ಉಳಿ ಇಡುತ್ತಿರಲಿಲ್ಲ. ಆಯುಧಗಳನ್ನು ತೊಳೆದು, ಕುಂಕುಮ ಇಟ್ಟು, ಎಡೆ ಮಾಡಿ ಸುಮ್ಮನಿರುತ್ತಿದ್ದರು. ಬೆಟ್ಟದ ಕೆಲಸ ಶುರುವಾದ ಮೇಲೆ ಕಂಪನಿ ಭಾನುವಾರ ರಜೆ ಕೊಟ್ಟು ಅಮಾವಾಸ್ಯೆಯನ್ನು ಬಿಡಿಸಿತ್ತು. ಹಿಂದಿನವರಿಗೆ ಬೆಟ್ಟದ ಉಸಿರು ಗೊತ್ತಿತ್ತು ಎಂದು ಆಮೇಲೆ ಕೆಲವರು ಹೇಳಿಕೊಂಡು ತಿರುಗಿದರು. ಹಾಗೇನಿಲ್ಲ. ಮೈ ಮುರಿಯುವ ಕೆಲಸಕ್ಕೆ ಒಂದು ದಿನ ಬಿಡುವು ಬೇಕಿತ್ತು, ಆಕಾಶ ನೋಡಿದರೆ ನೆನಪಾಗುವ ದಿನವನ್ನು ಆರಿಸಿಕೊಂಡಿದ್ದರು. ಸಣ್ಣೀರಮ್ಮನಿಗೂ ಅದು ಗೊತ್ತಿತ್ತು. ಆದರೆ ಹೊಸ ಮಾತು ಹೋಗದ ಕಡೆ ಹಳೆಯ ಮಾತು ಹೋಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಗ್ಯಾಂಗು ಸುರಂಗದ ಬಾಯಿಯ ಎದುರಿನ ಹೊಂಗೆ ಮರದ ಕೆಳಗೆ ಕುಳಿತಿತು. ಸುತ್ತಿಗೆ, ಡ್ರಿಲ್ಲು, ಕಾಂಕ್ರೀಟು ಎರಚುವ ಮೂತಿ, ಬೆಲ್ಟುಗಳು ಎಲ್ಲ ಸಾಲಾಗಿ ಕುಂಕುಮ ಹಚ್ಚಿಸಿಕೊಂಡಿದ್ದವು. ಪರಮಶಿವಯ್ಯ ಬಂದು ನೋಡಿ ಹಣೆ ಒತ್ತಿಕೊಂಡ.

"ಆಯ್ತು, ಪೂಜೆ ಮುಗಿಸಿ. ಊಟದ ಹೊತ್ತಿಗೆ ಇಳಿಯಬೇಕು."

"ಎಡೆಗೆ ಇನ್ನೂ ಪಾಯಸ ಆಗಿಲ್ಲ ಸಾರ್" ಎಂದಳು ಸಣ್ಣೀರಮ್ಮ. ಪಾಯಸಕ್ಕೆ ಬೆಲ್ಲ ತರಲು ಅವಳು ಗ್ಯಾಂಗಿನಲ್ಲೇ ತೀರ ನಿಧಾನದ ಕೆಂಚಣ್ಣನನ್ನು ಊರೊಳಕ್ಕೆ ಕಳಿಸಿದ್ದಳು.

ಬೆಟ್ಟದ ನೆತ್ತಿಗೆ ನೀರು ಏರುತ್ತಿತ್ತು. ಒಳಹಜಾರದಲ್ಲಿ ಜನವಿರಲಿಲ್ಲ, ಕ್ಯಾಮೆರಾ ಮಾತ್ರ ಇತ್ತು. ಕಿವಿರೂಮಿನಲ್ಲಿ ಜಯರಂಗಪ್ಪ ಮುಳ್ಳನ್ನು ನೋಡುತ್ತಿದ್ದ. ನಸ್ರೀನ್ ಗೆರೆಯನ್ನು ನೋಡುತ್ತಿದ್ದಳು. ಸ್ವಿಚ್ಚು ಐದನೆಯ ಮನೆಯಲ್ಲಿತ್ತು. ಸೂರ್ಯ ನೆತ್ತಿಗೆ ಬಂದ. ಅವನ ಪಕ್ಕದಲ್ಲೇ ಎಲ್ಲೋ, ಕಾಣದೆ, ಚಂದ್ರನೂ ಇದ್ದ. ಮುಳ್ಳು ಏರುತ್ತ ಏರುತ್ತ ಬಲಗಡೆಯ ಗೋಡೆಯ ಹತ್ತಿರ ಬಂದಿತು. ಹತ್ತರಲ್ಲಿ ಒಂದು ಪಾಲು ಹೇಳು ಎಂದರೂ ಹೇಳಲಾಗದಷ್ಟು ದೊಡ್ಡದೇನೋ ಬರುತ್ತಿತ್ತು. ಆಮೇಲೆ ಮುಳ್ಳು ನಿಂತಿತು. ಸ್ಪೀಕರಿನಲ್ಲಿ ಒಂದು ಚಿಟಿಕೆಯಷ್ಟೂ ಸದ್ದಿಲ್ಲ.

ಕೆಳಗಡೆ ಪರಮಶಿವಯ್ಯ ಗಡಿಯಾರ ತೋರಿಸುತ್ತಿದ್ದ. ಗ್ಯಾಂಗಿನವರು ಎದ್ದು ಬೆಲ್ಟು ಕಟ್ಟಿಕೊಳ್ಳುತ್ತಿದ್ದರು.

"ಮೇಡಂ, ಸದ್ದಿಲ್ಲ" ಎಂದ ಜಯರಂಗಪ್ಪ. "ಮುಳ್ಳೂ ಕದಲ್ತಿಲ್ಲ."

"ಸುಮ್ಮನಾಗಿದೆಯಾ? ಅಥವಾ..."

"ಇಲ್ಲ. ಬಾಯಿ ತೆರ್ಕೊಂಡು ನಿಂತೈತೆ. ಇದರ ಮೇಲೆ ಕೂಗಾಕೆ ಇದಕ್ಕೆ ಬರಲ್ಲ."

ಚಟ್ನಿಯ ದಿನ ನೆನಪಾಯಿತು. ಇದೂ ತಪ್ಪಾದರೆ ಡಬ್ಬಿ ಹೋಗುತ್ತದೆ. ನಾಳೆಯಿಂದ ಸಣ್ಣೀ ಕಿವಿಯಿಲ್ಲದ ಬೆಟ್ಟಕ್ಕೆ ಇಳಿಯಬೇಕಾಗುತ್ತದೆ. ಅದನ್ನೂ ಯೋಚಿಸಿದ. ಆಮೇಲೆ ಸೈರನ್ ಒತ್ತಿದ.

ಮರದ ಕೆಳಗೆ ಯಾರೋ "ಏನು ರಂಗಣ್ಣ, ಇವತ್ತು ಶೇಂಗಾ ಚಟ್ನಿನಾ?" ಎಂದು ಕೂಗಿದ. ಸಣ್ಣೀರಮ್ಮ ಅವನ ಕೈ ಹಿಡಿದು ಎಳೆದುಕೊಂಡೇ ಎದುರಿನ ದಿಬ್ಬ ಹತ್ತಿದಳು. ಮೇಸ್ತ್ರಿ ಓಡಿದರೆ ಗ್ಯಾಂಗು ಓಡುತ್ತದೆ. ಪರಮಶಿವಯ್ಯನೂ ಓಡಿದ.

ಆಗ ಒಳಹಜಾರದ ಕ್ಯಾಮೆರಾದಲ್ಲಿ ನಸ್ರೀನ್ ಅದನ್ನು ಕಂಡಳು. ಕತ್ತಲೆಯ ಗೋಡೆಯ ಮೇಲೆ ಬೆಣಚಿನ ಪದರ ಬೆಳಗುತ್ತಿತ್ತು. ಗ್ಯಾಸಿನ ಉರಿಯ ನೀಲಿ. ಮೊದಲು ಒಂದು ಎಳೆ, ಆಮೇಲೆ ನೆಲದಿಂದ ಮಾಡಿನವರೆಗೆ ಆ ಗೆರೆ ಪೂರ್ತಿ. ಮಿಂಚಿನ ಹಾಗೆ ಬಂದುಹೋಗಲಿಲ್ಲ, ನಿಂತು ಉರಿಯಿತು. ಅಷ್ಟು ದೊಡ್ಡ ಹಜಾರ ಹಗಲಿನ ಹಾಗೆ ಕಂಡಿತು. ಜನ ಬಿಟ್ಟುಹೋದ ಗಾಡಿಗಳು, ಏಣಿಗಳು, ಸಣ್ಣೀರಮ್ಮನ ಗ್ಯಾಂಗು ಎರಚಿದ ಒಪ್ಪವಾದ ಗೋಡೆ ಎಲ್ಲವೂ ನೀಲಿಯಲ್ಲಿ ಅದ್ದಿ ನಿಂತಿದ್ದವು. ಇಬ್ಬರೂ ಹೆದರುವುದನ್ನು ಮರೆತು ನೋಡಿದರು. ಅಷ್ಟು ಚೆಲುವಾದದ್ದನ್ನು ಅವರು ಮತ್ತೆ ನೋಡಲಿಲ್ಲ.

ಮುಳ್ಳು ಇಳಿಯಿತು. ಯಾರೂ ನಾಬು ಮುಟ್ಟಿರಲಿಲ್ಲ. ಬಲಗಡೆಯ ಗೋಡೆಯಿಂದ ಬಿಟ್ಟುಕೊಂಡು, ಮೀಟರಿನ ನಡುವಿಗೆ ತಾನಾಗಿ ಬಂದು, ಸೊನ್ನೆಯಲ್ಲಿ ನಿಂತಿತು. ಆಮೇಲೆ ಸದ್ದು ಬಂತು. ಶೆಡ್ಡಿನ ತಗಡುಗಳು ಕುಣಿದವು. ಹಾಲಿನ ಗೆರೆಯ ಉದ್ದಕ್ಕೂ ಬೆಟ್ಟ ಒಂದು ಮೊಳದಷ್ಟು ಬಾಯಿ ಬಿಟ್ಟಿತು. ನೆತ್ತಿಯ ತೊಟ್ಟಿಯ ನೀರೆಲ್ಲ ಒಳಹಜಾರಕ್ಕೆ ಬಿದ್ದು, ಸುರಂಗದ ಬಾಯಿಂದ ಹೊರಗೆ ನುಗ್ಗಿ, ಹೊಂಗೆ ಮರವನ್ನೂ ಕುಂಕುಮ ಇಟ್ಟ ಸಾಮಾನುಗಳನ್ನೂ ಎತ್ತಿಕೊಂಡು ಕೆರೆಗೆ ಹೋಯಿತು.

ದಿಬ್ಬದ ಮೇಲೆ ಸಣ್ಣೀರಮ್ಮ ತಲೆ ಎಣಿಸಿದಳು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದಳು. ಆಗ ಊರ ಕಡೆಯಿಂದ ಕೆಂಚಣ್ಣ ಬೆಲ್ಲದ ಪೊಟ್ಟಣ ಹಿಡಿದುಕೊಂಡು ನಿಧಾನವಾಗಿ ಬರುವುದು ಕಾಣಿಸಿತು.

ಆಮೇಲೆ ನಸ್ರೀನ್ ಆ ಸೀಮೆಯ ಬೇರೆ ಬೆಟ್ಟಗಳಿಗೂ ತಂತಿ ಚುಚ್ಚಿ ನೋಡಿದಳು. ಎಲ್ಲೂ ಆ ಅಲೆ ಸಿಗಲಿಲ್ಲ. ಹಾಲುಗೆರೆಯ ಎರಡು ಹೋಳುಗಳಿಗೂ ಚುಚ್ಚಿದಳು. ಜಯರಂಗಪ್ಪ ಸ್ವಿಚ್ಚನ್ನು ಒಂದಕ್ಕೆ, ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಇಟ್ಟು ಕೇಳಿಸಿಕೊಂಡ. ಚಿಪ್ಪಿನ ಹುಟ್ಟುಗುಣ ಬಿಟ್ಟರೆ ಏನೂ ಇರಲಿಲ್ಲ. ಡಬ್ಬಿಯನ್ನು ಬಿಚ್ಚಿ, ಒಳಗಿನದನ್ನು ನಸ್ರೀನ್‌ಗೆ ಕೊಟ್ಟು, ಡಬ್ಬಿಯನ್ನು ತೊಳೆದು ಮನೆಗೆ ತಂದ. ಮುಚ್ಚಳದಲ್ಲಿ ನಾಬಿನ ತೂತು ಹಾಗೆಯೇ ಇತ್ತು. ಸಾರು ಸೋರುತ್ತದೆ ಎಂದು ಸಣ್ಣೀರಮ್ಮ ಅದರಲ್ಲಿ ಚಪಾತಿ ಮಾತ್ರ ಒಯ್ಯುತ್ತಾಳೆ.

ಹೋದದ್ದು ಒಳಹಜಾರ, ಅದರ ಯಂತ್ರಗಳು, ಅಷ್ಟು ವರ್ಷದ ಕೆಲಸ. ಸುತ್ತಲ ತಾಲ್ಲೂಕುಗಳಲ್ಲಿ ಸಂಜೆಯಾದರೆ ಇವತ್ತಿಗೂ ಮನೆಗೊಂದೇ ದೀಪ. ಹಾಲುಗೆರೆ ಬೆಟ್ಟ ಚಂದ್ರನಿಗೆ ಓಗೊಡುವುದನ್ನು ಮೂರು ಜನ ಕೆಲವು ವಾರ ನೋಡಿದರು. ಇನ್ನು ಯಾರೂ ನೋಡುವುದಿಲ್ಲ. ಉಳಿದದ್ದು ಸಣ್ಣೀರಮ್ಮನ ಗ್ಯಾಂಗು. ಅವತ್ತು ಸಂಜೆ ಅಷ್ಟೂ ಜನ ನಡೆದುಕೊಂಡು ಮನೆಗೆ ಹೋದರು.